ತೂಬಿನ ತಾತನ ಹೊಟ್ಟೆಯಲ್ಲಿ ಇದ್ದದ್ದು

ತುಮ್ಮಲಕುಂಟೆಯ ಕೆರೆ ಎಷ್ಟು ದೊಡ್ಡದೆಂದರೆ, ಏರಿಯ ಈ ತುದಿಯಲ್ಲಿ ತಾಳಿ ಕಟ್ಟಿಸಿಕೊಂಡು ಹೊರಟ ಹುಡುಗಿ ಆ ತುದಿ ಮುಟ್ಟುವಷ್ಟರಲ್ಲಿ ಮೊಮ್ಮಗಳಿಗೆ ಜಡೆ ಹೆಣೆಯುತ್ತಿರುತ್ತಾಳೆ. ಗೌರಿಬಿದನೂರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ, ಅವರಿಗೆ ಇಂಥ ಕೆರೆ ಇಲ್ಲ. ಸರ್ವೆಯವರು ಬಂದು ಏರಿ ಅಳೆದು ಕಾಲು ಮೈಲಿ ಎಂದು ಬರೆದುಕೊಂಡು ಹೋದದ್ದು ನಿಜ. ಆದರೆ ಅವತ್ತು ಸರಪಳಿ ಹಿಡಿದವನಿಗೆ ಹಸಿವಾಗಿತ್ತು, ತೊಂಡೇಬಾವಿ ಸ್ಟೇಷನ್ನಿನಲ್ಲಿ ರೈಲು ಹಿಡಿಯುವ ಅವಸರ ಬೇರೆ. ಅರ್ಧಕ್ಕೂ ಮುಂಚೆಯೇ ಸರಪಳಿ ಸುತ್ತಿ ಹೆಗಲಿಗೆ ಹಾಕಿಕೊಂಡ.

ಅಂಥ ಕೆರೆಯ ತೂಬು ಗಂಗುಲಮ್ಮನ ಕೈಯಲ್ಲಿತ್ತು. ತೂಬೆಂದರೆ ಏರಿಯ ಪಕ್ಕ ನೀರಿನೊಳಗೆ ನಿಂತ ಎರಡು ಕಲ್ಲುಕಂಬ, ಅವುಗಳ ಬುಡದಲ್ಲಿ ಒಂದು ಬಾಯಿ, ಆ ಬಾಯಿಗೆ ಬಿಗಿದ ಮರದ ಗೂಟ. ಗೂಟ ಎತ್ತಿದರೆ ನೀರು ಏರಿಯ ಅಡಿಯಿಂದ ನುಗ್ಗಿ ಕಾಲುವೆ ಸೇರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಯಾರ ಗದ್ದೆಗೆ ಯಾವತ್ತು ನೀರು ಎಂದು ನೋಡಿ ಎತ್ತುವವರು, ಇಳಿಸುವವರು ನೀರುಗಂಟಿಗಳು. ಗಂಗುಲಮ್ಮನ ಗಂಡ ಚಲಪತಿ ನೀರುಗಂಟಿಯಾಗಿದ್ದ. ಅವನಪ್ಪನೂ ಹೌದು, ಅವನ ತಾತನೂ ಹೌದು. ಚಲಪತಿ ಸತ್ತಾಗ ಹೆಂಗಸು ಗೂಟ ಎತ್ತುವುದುಂಟೇ ಎಂದು ಊರು ಒಂದು ವಾರ ಗೊಣಗಿತು. ಎಂಟನೆಯ ದಿನ ಗಂಗುಲಮ್ಮ ಸೀರೆ ಎತ್ತಿ ಕಟ್ಟಿ ಮುಳುಗಿದಳು. ಏರಿಯ ಮೇಲಿದ್ದವರು ಎಲೆಯಡಿಕೆ ಹಾಕಿಕೊಂಡು, ಅಗಿದು, ಉಗಿದು, ಎರಡನೆಯ ಎಲೆಗೆ ಸುಣ್ಣ ಹಚ್ಚುತ್ತಿರುವಾಗ ಮೇಲೆ ಬಂದಳು. ಗೂಟ ಎದ್ದಿತ್ತು. ಅಲ್ಲಿಂದ ಮುಂದೆ ಯಾರೂ ಗೊಣಗಲಿಲ್ಲ. ಅವಳ ಕೇರಿಯವರ ಬಿಂದಿಗೆ ತಾಗಿದರೆ ಊರಬಾವಿಗೆ ಮೈಲಿಗೆಯಾಗುತ್ತಿತ್ತು. ಅವಳು ತಲೆ ಮುಳುಗಿಸಿ ಬಿಟ್ಟ ನೀರಿನಲ್ಲಿ ಬೆಳೆದ ಅನ್ನಕ್ಕೆ ಮಾತ್ರ ಯಾವ ಮೈಲಿಗೆಯೂ ತಗುಲುತ್ತಿರಲಿಲ್ಲ. ಇಂಥ ಜಾಣತನಕ್ಕೆ ಆ ಊರಿನಲ್ಲಿ ಎಂದೂ ಬರ ಬಂದದ್ದಿಲ್ಲ.

ತೂಬಿನ ಬುಡದ ಗುಂಡಿಯಲ್ಲಿ ಒಂದು ಆಮೆ ಇತ್ತು. ಕರಿಯ ಚಿಪ್ಪು, ಹಳದಿ ಗಲ್ಲ. ಊರೆಲ್ಲ ಅದನ್ನು ತೂಬಿನ ತಾತ ಎನ್ನುತ್ತಿತ್ತು. ತಾತನ ಬೆನ್ನ ಮೇಲೆ ನಾಲ್ಕು ಜನ ಕೂತು ಚೌಕಾಬಾರ ಆಡಬಹುದಿತ್ತು ಎಂದು ಹೇಳುವವರಿದ್ದಾರೆ. ಅಷ್ಟು ಬೇಡ, ಇಬ್ಬರು ಧಾರಾಳವಾಗಿ ಆಡಬಹುದಿತ್ತು. ಕಟ್ಟೆ ಕಟ್ಟಿಸಿದ ಪಾಳೆಯಗಾರ ಸತ್ತಾಗ ತಾತ ಅತ್ತದ್ದನ್ನು ಕಂಡವರ ಮೊಮ್ಮಕ್ಕಳು ಇನ್ನೂ ಬದುಕಿದ್ದರು.

ಆ ಕೆರೆಗೆ ಒಂದು ಕಟ್ಟಳೆ: ತಾತ ಮೇಲೆ ಬರದೆ ಗೂಟ ಮೇಲೆ ಬರಬಾರದು. ಆಮೆ ಗುಂಡಿಯಲ್ಲಿರುವಾಗ ಗೂಟ ಎತ್ತಿದರೆ ನೀರಿನ ಸೆಳೆತಕ್ಕೆ ತೂಬಿನ ಬಾಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೆಯೂ ಸಾಯುತ್ತದೆ, ತೂಬೂ ಕಟ್ಟಿಕೊಳ್ಳುತ್ತದೆ. ಅದಕ್ಕೇ ಅವತ್ತು ಯಾರ ಗದ್ದೆಯ ಸರದಿಯೋ ಅವರ ಮನೆಯಿಂದ ಒಂದು ಹಿಡಿ ರಾಗಿಮುದ್ದೆ ಬರಬೇಕು. ನೀರಿನಲ್ಲಿ ಕರಗದಂತೆ ಅದನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ನಾರಿನಲ್ಲಿ ಕಟ್ಟಿರಬೇಕು. ಗಂಗುಲಮ್ಮ ಕುಡುಗೋಲಿನ ಹಿಡಿಯಿಂದ ಕಂಬಕ್ಕೆ ಮೂರು ಸಲ ತಟ್ಟುತ್ತಿದ್ದಳು. "ರಾ ತಾತಾ, ತಿಂದುವು ರಾ," ಎಂದು ತೆಲುಗಿನಲ್ಲೇ ತಿನ್ನಲು ಕರೆಯುತ್ತಿದ್ದಳು, ತಾತನಿಗೆ ಕನ್ನಡ ಬರುತ್ತಿರಲಿಲ್ಲ. ಮೊದಲು ಗುಳ್ಳೆ, ಆಮೇಲೆ ಮೂಗು, ಆಮೇಲೆ ಗಾಡಿ ತಿರುಗಿಸಿದಂತೆ ಇಡೀ ತಾತ. ಮುದ್ದೆಯನ್ನು ಎಲೆ ಸಮೇತ ಕಚ್ಚಿಕೊಂಡು ಅದು ಆಚೆ ಹೋಗುತ್ತಿದ್ದಂತೆ ಇವಳು ಮುಳುಗುತ್ತಿದ್ದಳು. ಎಲೆ ತಾನೇ, ಹೊಟ್ಟೆಯಲ್ಲಿ ಅರಗುತ್ತಿತ್ತು.

ಅರವತ್ತಾರನೆಯ ಇಸವಿಯಲ್ಲಿ ತುಮ್ಮಲಕುಂಟೆಗೆ ಎರಡು ಹೊಸ ವಸ್ತುಗಳು ಬಂದವು. ಒಂದು ತೈಚುಂಗ್ ಭತ್ತ, ಇನ್ನೊಂದು ಅದಕ್ಕೆ ಹಾಕುವ ಬಿಳಿ ಗೊಬ್ಬರ. ಎರಡನ್ನೂ ತಂದವನು ಪಂಚಾಯ್ತಿ ಚೇರ್ಮನ್ ನರಸಿಂಹಪ್ಪ. ಗದ್ದೆಬಯಲಿನ ಅರ್ಧ ಅವನದು. ಉಳಿದರ್ಧ ತನ್ನದಲ್ಲವೆಂದು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಗೊಬ್ಬರದ ಗೋಣಿಚೀಲದೊಳಗೆ ಇನ್ನೊಂದು ಚೀಲವಿತ್ತು. ತೆಳ್ಳಗೆ, ಬೆಳ್ಳಗೆ, ಆಚೆಯದು ಈಚೆಗೆ ಕಾಣುವಂಥದು. ನೀರು ಹೊಯ್ದರೆ ನೆನೆಯದು, ಹಿಂಡಿದರೆ ಸುಕ್ಕಾಗದು. ಊರು ಅದನ್ನು ಮೊದಲ ಸಲ ಕಂಡ ದಿನ ಮೂರು ಮನೆಗಳಲ್ಲಿ ಒಲೆ ಹಚ್ಚಲಿಲ್ಲ, ಹೆಂಗಸರೆಲ್ಲ ಚೇರ್ಮನ್ನನ ಜಗಲಿಯ ಮುಂದಿದ್ದರು. ಪ್ಲಾಸ್ಟಿಕ್ ಎಂಬ ಮಾತನ್ನು ಅವತ್ತೇ ಕಲಿತದ್ದು. ಮೊದಲ ತುಂಡು ಸಿಕ್ಕಿದವಳು ಅದನ್ನು ದೇವರ ಪಟಕ್ಕೆ ಹೊದಿಸಿದಳು. ಎರಡನೆಯದು ಸಿಕ್ಕಿದವಳು ಸೀರೆಪೆಟ್ಟಿಗೆಯಲ್ಲಿಟ್ಟಳು. ಗಂಗುಲಮ್ಮನಿಗೂ ಒಂದು ತುಂಡು ಬಂತು. ಅವಳು ಸೋರುವ ಸೂರಿಗೆ ಹಾಕಿ, ಆ ಮಳೆಗಾಲ ರಾಜಮನೆತನದವಳಂತೆ ಮಲಗಿ ನಿದ್ದೆ ಮಾಡಿದಳು.

ಚೇರ್ಮನ್ನನ ಸರದಿ ಬಂದಾಗ ಮುದ್ದೆ ಪ್ಲಾಸ್ಟಿಕ್ಕಿನಲ್ಲಿ ಬಂತು. ನಾಲ್ಕು ಮೂಲೆ ಒಟ್ಟು ಹಿಡಿದು, ಕೆಂಪು ದಾರ ಸುತ್ತಿ, ಎರಡು ಎಳೆಯ ಗಂಟು ಹಾಕಿದ್ದ ಗಟ್ಟಿ ಪೊಟ್ಟಣ.

"ಎಲೆ ಎಲ್ಲಿ ಸಾಮಿ?" ಎಂದಳು ಗಂಗುಲಮ್ಮ.

"ಎಲೆ ಯಾಕಮ್ಮೇ? ಎಲೇಲಿ ಹಾಕಿದ್ರೆ ಅರ್ಧ ಮುದ್ದೆ ನೀರು ಪಾಲು. ಇದ್ರಲ್ಲಿ ಹಾಕಿದ್ರೆ ಒಲೆ ಮೇಲಿಂದ ಇಳಿಸ್ದಂಗೆ ಬಿಸಿಬಿಸಿಯಾಗಿ ಹೋಗ್ತದೆ. ತಾತನಿಗೆ ಇಂಥ ಮರ್ಯಾದೆ ಅವರಪ್ಪನ ಕಾಲ್ದಲ್ಲಿ ಸಿಕ್ಕಿತ್ತಾ?"

"ಬಿಚ್ಚಿ ತಿನ್ನೋಕೆ ತಾತನಿಗೆ ಕೈ ಎಲ್ಲಿ ಅದೆ?"

"ಎಲೆ ಬಿಚ್ಚಿ ತಿಂತಿದ್ದನೇನು? ಹಾಕು ಹಾಕು, ಪೈರು ಕಾಯ್ತಾ ಅದೆ."

ಅವಳು ಹಾಕಿದಳು. ತಾತ ನುಂಗಿತು. ಏರಿಯ ಮೇಲಿದ್ದವರು ಆಹಾ ಎಂದರು. ಮುಂದಿನ ಸರದಿಯವರು ತಾವೇನು ಕಡಿಮೆ ಎಂದು ಚೇರ್ಮನ್ನನ ಮನೆಗೆ ಹೋಗಿ ಒಂದು ತುಂಡು ಬೇಡಿ ತಂದರು. ವರ್ಷ ತಿರುಗುವಷ್ಟರಲ್ಲಿ ಮುತ್ತುಗದ ಎಲೆಯಲ್ಲಿ ಮುದ್ದೆ ತರುವವರು ಬಡವರು, ಭಕ್ತಿ ಇಲ್ಲದವರು ಎಂದಾಯಿತು. ಸಂಕ್ರಾಂತಿಯ ದಿನ ನೀರುಗಂಟಿಯ ಮನೆಯಿಂದಲೂ ತಾತನಿಗೆ ಮುದ್ದೆ ಸಲ್ಲುವುದು ರೂಢಿ. ಸೂರಿನ ತುಂಡಿನ ಒಂದು ಅಂಚನ್ನು ಹರಿದು, ಗಂಗುಲಮ್ಮನೂ ಅದರಲ್ಲೇ ಕಟ್ಟಿ ಕೊಟ್ಟಳು. ಹೊಳೆಯುವ ಪೊಟ್ಟಣ ನೀರಿನಲ್ಲಿ ಇಳಿಯುವುದನ್ನು ನೋಡಿ ಅವಳಿಗೆ ಹೆಮ್ಮೆಯೂ ಆಯಿತು.

ಎರಡನೆಯ ವರ್ಷ ತಾತ ನಿಧಾನವಾಯಿತು. ಮೂರು ತಟ್ಟಿಗೆ ಬರುತ್ತಿದ್ದುದು ಹತ್ತು ತಟ್ಟಿಗೆ ಬಂತು. ಬಂದರೂ ಮುದ್ದೆಯನ್ನು ಮೂಸಿ ಬಿಡುತ್ತಿತ್ತು. ಶಿವರಾತ್ರಿ ಕಳೆದು ಹತ್ತು ದಿನಕ್ಕೆ ಗಂಗುಲಮ್ಮ ತಟ್ಟಿದಳು, ಕರೆದಳು, ತೆಲುಗಿನಲ್ಲಿ ಬೈದಳು, ತಾತ ಬರಲಿಲ್ಲ. ಆ ದಿನ ಗೂಟ ಎತ್ತಲಿಲ್ಲ. ಮಾರನೆಯ ಬೆಳಗ್ಗೆ ನೋಡಿದರೆ ತಾತ ಕೆರೆಯ ನಡುವೆ ನೀರಿನ ಮೇಲೆ ತೇಲುತ್ತಿತ್ತು. ಒಂದು ಪಕ್ಕ ಮೇಲೆದ್ದು, ಇನ್ನೊಂದು ಪಕ್ಕ ಮುಳುಗಿ, ಸವೆದ ಕೀಲಿನ ಬಾಗಿಲಿನಂತೆ ವಾಲಿಕೊಂಡಿತ್ತು. ಕತ್ತು ನೀರೊಳಗೆ ಚಾಚಿ, ಮುಂಗಾಲು ಬಡಿದು, ಮುಳುಗಲು ನೋಡುತ್ತಿತ್ತು. ಹೊಟ್ಟೆಯಲ್ಲಿ ಏನೋ ಅದನ್ನು ಮೇಲಕ್ಕೇ ಎತ್ತಿ ಹಿಡಿದಿತ್ತು.

ಇಲ್ಲಿಯವರೆಗೆ ನಡೆದದ್ದು ಬರೀ ದಡ್ಡತನ. ಮುಂದಿನದಕ್ಕೆ ಹೆಸರಿಡಲು ತುಮ್ಮಲಕುಂಟೆಯಲ್ಲಿ ತೆಲುಗು, ಕನ್ನಡ ಎರಡೂ ಸಾಲಲಿಲ್ಲ.

ಚೇರ್ಮನ್ ನರಸಿಂಹಪ್ಪ ಏರಿಯ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಆಮೇಲೆ ಟವೆಲನ್ನು ಸೊಂಟಕ್ಕೆ ಸುತ್ತಿ ಕೈ ಮುಗಿದ. "ದರ್ಶನ!" ಎಂದ. "ನೂರಾರು ವರ್ಷ ಗುಂಡೀಲಿ ಅಡಗಿದ್ದ ತಾತ ಇವತ್ತು ಲೋಕಕ್ಕೆ ದರ್ಶನ ಕೊಡ್ತಾ ಅವ್ನೆ ಕಣ್ರೋ! ನಾನು ಚೇರ್ಮನ್ ಆಗಿರೋವಾಗ ಕೊಡ್ತಾ ಅವ್ನೆ!"

ಮಧ್ಯಾಹ್ನಕ್ಕೆ ನಗರಗೆರೆ ಬಂತು. ಸಂಜೆಗೆ ಗೌರಿಬಿದನೂರು ಬಂತು. ಮಾರನೆಯ ದಿನ ಚಿಕ್ಕಬಳ್ಳಾಪುರದಿಂದ ಎರಡು ಬಸ್ಸು, ಚಿಂತಾಮಣಿಯಿಂದ ಬಾಡಿಗೆ ಲಾರಿ. ಶಿಡ್ಲಘಟ್ಟದ ರೇಷ್ಮೆ ನೂಲುವವರು ಕುದಿಯುವ ಬಾಣಲೆಯಲ್ಲಿ ಗೂಡನ್ನು ಹಾಗೇ ಬಿಟ್ಟು ಬಂದರಂತೆ. ಜನ ಎಷ್ಟೆಂದರೆ, ಅವರು ಕಾಲು ತೊಳೆದದ್ದಕ್ಕೇ ಕೆರೆ ಒಂದು ಗೇಣು ಇಳಿಯಿತು. ಬಂದವರೆಲ್ಲ ತಾತನಿಗೆ ಮುದ್ದೆ ಎಸೆಯಬೇಕಲ್ಲ! ಚೇರ್ಮನ್ನನ ಮನೆಯ ಮುಂದೆ ಹಳೆಯ ಗೊಬ್ಬರದ ಒಳಚೀಲಗಳನ್ನು ಕತ್ತರಿಸಿ ರಾಶಿ ಹಾಕಿದ್ದರು. "ಒಬ್ಬೊಬ್ಬರಿಗೆ ಒಂದೊಂದು ತುಂಡು, ತಳ್ಳಾಡಬೇಡಿ, ನಮ್ಮಲ್ಲಿ ಪ್ಲಾಸ್ಟಿಕ್ಕಿಗೆ ಕಮ್ಮಿಯಿಲ್ಲ" ಎಂದು ಚೇರ್ಮನ್ ತಾನೇ ನಿಂತು ಹಂಚಿದ. ನೀರಿನ ಮೇಲೆ ಬಿಳಿ ಪೊಟ್ಟಣಗಳು ಬಿದ್ದವು. ಕೆಲವು ಮುಳುಗಿದವು, ಕೆಲವು ಬಿಚ್ಚಿಕೊಂಡು ಹಾಳೆಯಾಗಿ ತೇಲಿದವು. ತಾತ ಅವುಗಳ ನಡುವೆ ಒಂದೇ ಪಕ್ಕಕ್ಕೆ ತಿರುಗುತ್ತಾ, ತಿರುಗುತ್ತಾ ಇತ್ತು. ಜನ ಅದನ್ನು ಪ್ರದಕ್ಷಿಣೆ ಎಂದರು.

ಗಂಗುಲಮ್ಮ ಚೇರ್ಮನ್ನನ ಅಂಗಳಕ್ಕೆ ಹೋಗಿ ನಿಂತಳು. ಜಗಲಿ ಹತ್ತುವಂತಿರಲಿಲ್ಲ. ದನಿ ಹತ್ತಬಹುದಿತ್ತಲ್ಲ, ಅದು ಅಟ್ಟದವರೆಗೂ ಹತ್ತಿತು.

"ಸಾಮೀ! ಮುಳುಗೋಕಾಗದ ಆಮೆ ದೇವ್ರಲ್ಲ, ರೋಗಿ. ನಾನು ಅದನ್ನ ದಿನಾ ನೋಡೋಳು. ಅದಕ್ಕೆ ಉಸಿರು ಕಟ್ತಾ ಅದೆ. ಮುದ್ದೆ ಎಸೆಯೋದು ನಿಲ್ಸಿ. ನಾನು ಎತ್ಕೊಂಡು ಬರ್ತೀನಿ."

"ಏನಮ್ಮೇ, ನಿನ್ನ ಕೈಲಿ ದೇವ್ರನ್ನ ಎತ್ತಿಸ್ಕೊಂಡು ನಾವು ನೋಡ್ತಾ ಕೂರಬೇಕಾ? ಬಂದವರು ಏನಂದಾರು?"

"ಮೊನ್ನೆ ಗಂಟ ಅದು ಆಮೆಯಾಗಿತ್ತು, ಆಗ ನನ್ನ ಕೈ ನಡೀತಿತ್ತು. ಬಸ್ಸು ಬಂದ ಮೇಲೆ ನಡೆಯಕಿಲ್ವಾ?"

"ನಿನ್ನ ನಾಲಿಗೆ ತೂಬಿಗಿಂತ ದೊಡ್ಡದಾಯ್ತು. ಹೋಗು, ಹೋಗು. ನಾಳೆ ಅಮಲ್ದಾರರು ದರ್ಶನಕ್ಕೆ ಬರ್ತಾರೆ."

ಒಳಗೆ ಕಂಬಕ್ಕೆ ಒರಗಿ ಕೂತು, ಚೇರ್ಮನ್ನನ ತಾಯಿ ಅಮ್ಮಾಜಮ್ಮ ಕೆಂಪು ದಾರದಿಂದ ಪೊಟ್ಟಣ ಕಟ್ಟುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಆ ಮನೆಯಿಂದ ತಾತನಿಗೆ ಹೋಗುವ ಮುದ್ದೆಯನ್ನು ಸೊಸೆ ಬಂದ ಮೇಲೂ ತಾನೇ ಕಟ್ಟುವುದು ಅವಳ ಹಟ. ಅವಳು ತಲೆ ಎತ್ತಿ ಗಂಗುಲಮ್ಮನನ್ನೇ ನೋಡಿದಳು. ಗಂಟು ಹಾಕುತ್ತಿದ್ದ ಕೈ ನಿಂತಿತು.

ಗಂಗುಲಮ್ಮ ಅಲ್ಲಿಂದ ನೇರ ಕೆರೆಗೆ ನಡೆದಳು. ಏರಿಯ ಜನ ದಾರಿ ಬಿಡುವಷ್ಟು ಹೊತ್ತು ಕಾಯದೆ ಇಳಿದಳು, ಈಜಿದಳು, ತಾತನ ಚಿಪ್ಪಿನ ಅಂಚು ಹಿಡಿದು ದಡಕ್ಕೆ ಎಳೆದಳು. ಆನೆಯ ತೂಕ ಇರಬೇಕಾಗಿದ್ದ ತಾತ ಬುಟ್ಟಿಯಷ್ಟು ಹಗುರವಾಗಿತ್ತು. ಅದೇ ಅವಳಿಗೆ ಭಯ ತಂದಿತು. ದಡದ ಕಲ್ಲಿನ ಮೇಲಿಟ್ಟು ಗಲ್ಲ ಒತ್ತಿ ಬಾಯಿ ತೆಗೆಸಿದಳು. ಗಂಟಲಿನಲ್ಲಿ ಕೆಂಪು ದಾರದ ತುದಿ ಕಂಡಿತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ದಾರ ಬಂತು, ದಾರದ ಹಿಂದೆ ಹಾಳೆ ಬಂತು. ಬಂತು, ಬಂತು, ಬರುತ್ತಲೇ ಇತ್ತು. ಅವಳು ಎಳೆದ ಹಾಳೆಯನ್ನು ಹಿಡಿದು ನಡೆದಿದ್ದರೆ ಕುಡುಮಲಕುಂಟೆ ಮುಟ್ಟಬಹುದಿತ್ತು ಎನ್ನುತ್ತಾರೆ. ಇದೊಂದು ಕಡೆ ಉಬ್ಬಿಸಿ ಹೇಳುವುದು ಬೇಡ. ಬಂದದ್ದು ಒಂದು ಮೊಳ. ಒಂದು ಮೊಳ ಸಾಕು.

"ನೋಡ್ರಪ್ಪೋ!" ಎಂದು ಕೂಗಿದಳು. "ನೋಡ್ರಮ್ಮೋ! ಇದೇನಾ ನಿಮ್ಮ ದೇವರ ಪ್ರಸಾದ?"

ಅಷ್ಟರಲ್ಲಿ ಚೇರ್ಮನ್ ಓಡಿ ಬಂದ. "ದೇವರ ಬಾಯಿಗೆ ಕೈ ಹಾಕಿದ್ಲು! ಮೈಲಿಗೆ ಮಾಡಿದ್ಲು!" ಎಂದು ಅವನು ಎರಡು ಮಾತು ಒದರಿದ್ದೇ ತಡ, ಐದಾರು ಜನ ಮೇಲೆ ಬಿದ್ದು ಆಮೆಯನ್ನು ಅವಳ ಕೈಯಿಂದ ಕಿತ್ತುಕೊಂಡರು. ಅದಕ್ಕೆ ಅರಿಸಿನ ಹಚ್ಚಿ, ಕುಂಕುಮ ಇಟ್ಟು, ಮತ್ತೆ ಕೆರೆಯ ನಡುವೆ ಬಿಟ್ಟು ಬಂದರು. ಅವಳನ್ನು ಏರಿಯಿಂದ ಆಚೆಗೆ ತಳ್ಳಿದರು. ತಳ್ಳಿದವರಲ್ಲಿ ಮೂವರ ಗದ್ದೆಗೆ ಹಿಂದಿನ ವಾರವಷ್ಟೇ ಅವಳು ಸರದಿ ಮೀರಿ ನೀರು ಬಿಟ್ಟಿದ್ದಳು.

ಮಾರನೆಯ ಮಧ್ಯಾಹ್ನ, ಅಮಲ್ದಾರರು ಬರುವ ಮುಂಚೆಯೇ, ತಾತ ಸತ್ತಿತು. ಅಮಲ್ದಾರರ ಜೀಪು ಸುದ್ದಿ ಕೇಳಿ ಅರ್ಧ ದಾರಿಯಲ್ಲೇ ತಿರುಗಿತು. ಬಸ್ಸುಗಳು ಖಾಲಿಯಾದವು. ಭಕ್ತಿ ಎಷ್ಟು ಬೇಗ ಬಂದಿತ್ತೋ ಅದರ ಎರಡರಷ್ಟು ಬೇಗ ಬಸ್ಸು ಹತ್ತಿ ಹೋಯಿತು. ಉಳಿದದ್ದು ಊರು, ಊರಿನ ಮುಂದೆ ಹಸೆಮಣೆಯ ಮೇಲೆ ಹೆಣ, ಹೆಣದ ಮುಂದೆ ಚೇರ್ಮನ್. ಅವನು ಆಗಲೇ ಸಮಾಧಿಗೆ ಜಾಗ ತೋರಿಸುತ್ತಿದ್ದ. "ಆ ಹೆಂಗಸಿನ ಕೈ ಸೋಕಿ ತಾತ ದೇಹ ಬಿಟ್ಟ. ಇರಲಿ. ಇಲ್ಲೊಂದು ಮಂಟಪ ಕಟ್ಟಣ. ಆ ಗಂಗುಲೂನ ತೂಬಿನಿಂದ ತೆಗೆದುಹಾಕಣ."

"ಹೂಳೋಕೆ ಮುಂಚೆ ಹೊಟ್ಟೆ ಸೀಳಿ," ಎಂದಳು ಗಂಗುಲಮ್ಮ, ಗುಂಪಿನ ಹಿಂದಿನಿಂದ. ಕೈಯಲ್ಲಿ ಕುಡುಗೋಲಿತ್ತು. "ಒಳಗೆ ನನ್ನ ಕೈ ಇದ್ರೆ ನನ್ನ ತೂಬು ಬಿಟ್ಟು ಹೋಗ್ತೀನಿ, ಊರೂ ಬಿಟ್ಟು ಹೋಗ್ತೀನಿ. ಬೇರೆ ಏನಾದ್ರೂ ಇದ್ರೆ?"

"ತಾತನ್ನ ಕೊಯ್ತಾಳಂತೆ! ಪಾಪ ಸುತ್ಕೊಳ್ತದೆ, ಹಿಡೀರೋ ಅವಳ್ನ!" ಎಂದ ಚೇರ್ಮನ್.

ಯಾರೋ ಹೆಜ್ಜೆ ಮುಂದಿಟ್ಟರು. ಅಷ್ಟರಲ್ಲಿ ಜನ ಅತ್ತಿತ್ತ ಸರಿದರು. ಅಮ್ಮಾಜಮ್ಮ ಕೋಲೂರಿಕೊಂಡು ಬರುತ್ತಿದ್ದಳು. ಆ ಮುದುಕಿ ಜಗಲಿ ಇಳಿದು ಎಂಟು ವರ್ಷವಾಗಿತ್ತು.

"ಕೊಯ್ಯಲಿ ಬಿಡೋ," ಎಂದಳು ಮಗನಿಗೆ.

"ಅವ್ವಾ, ನಿನಗ್ಯಾಕೆ ಇದು, ಬಿಸಿಲಲ್ಲಿ..."

"ಬಿಸಿಲು ನನ್ನ ಕೂದಲು ಬೆಳ್ಳಗೆ ಮಾಡಿದ್ದು ಸಾಕಾಗ್ಲಿಲ್ಲ ಅಂತ ಬಂದೆ. ಕೊಯ್ಯೇ ಗಂಗುಲಮ್ಮ."

ಕುಡುಗೋಲಿನ ತುದಿಯನ್ನು ಕಾಲಿನ ಸಂದಿಗೆ ಕೊಟ್ಟು, ಮೆತ್ತನೆಯ ಚರ್ಮ ಹಿಡಿದು ಸೀಳಿದಳು. ಆಮೆಯನ್ನು ಕೊಯ್ದು ಅವಳಿಗೆ ಗೊತ್ತಿರಲಿಲ್ಲ; ಮೂರು ಸಲ ನಿಲ್ಲಿಸಿದಳು. ಮೊದಲು ಗಾಳಿ ಬಂತು. ಆಮೇಲೆ ಅವಳು ಎರಡು ಬೆರಳು ಹಾಕಿ ತೆಗೆಯತೊಡಗಿದಳು. ಹಾಳೆ. ಹಾಳೆಯೊಳಗೆ ಮುದ್ದೆ, ಕಪ್ಪಾಗಿ ಗಟ್ಟಿಯಾದದ್ದು, ತಿಂದಂತೆಯೂ ಅಲ್ಲ, ತಿನ್ನದಂತೆಯೂ ಅಲ್ಲ. ಇನ್ನೊಂದು ಹಾಳೆ. ಅದರೊಳಗೆ ಏನೂ ಇಲ್ಲ. ಒಂದಕ್ಕೊಂದು ಹೊಸೆದುಕೊಂಡು ಹಗ್ಗದಂತಾದ ನಾಲ್ಕು. ಅವಳು ಒಂದೊಂದನ್ನೂ ಬಿಡಿಸಿ ಕಲ್ಲಿನ ಮೇಲೆ ಹಾಸಿದಳು. ಮೂವತ್ತೊಂದಾದವು. ಮೂವತ್ತೊಂದರಲ್ಲಿ ಒಂದಕ್ಕಾದರೂ ತೂತು ಬಿದ್ದಿರಲಿಲ್ಲ. ತೊಳೆದರೆ ಹೊಸದರಂತೆ ಹೊಳೆಯುತ್ತಿದ್ದವು. ಎರಡು ವರ್ಷ ಹೊಟ್ಟೆಯಲ್ಲಿದ್ದರೂ ಅವಕ್ಕೆ ನಾಚಿಕೆಯಾಗಿರಲಿಲ್ಲ.

"ಈ ಗಂಟು ನೋಡಿ," ಎಂದು ಒಂದನ್ನು ಎತ್ತಿ ಹಿಡಿದಳು. ಕೆಂಪು ದಾರ, ಎರಡು ಎಳೆ. "ಇದು ಯಾರ ಮನೇದು?"

ಚೇರ್ಮನ್ ಕೆಮ್ಮಿದ. "ಕೆಂಪು ದಾರ ಯಾರ ಮನೇಲಿ ಇಲ್ಲ? ಶಿಡ್ಲಘಟ್ಟದೋರು ಹಾಕಿರ್ತಾರೆ."

ಅಮ್ಮಾಜಮ್ಮ ಬಗ್ಗಿ, ಕಣ್ಣಿನ ಹತ್ತಿರಕ್ಕೆ ತಂದು ನೋಡಿದಳು. "ನಂದು," ಎಂದಳು. "ನನ್ನ ಗಂಟು. ನಮ್ಮಮ್ಮ ಕಲಿಸಿದ್ದು, ಈ ಊರಾಗೆ ಇನ್ನೊಬ್ರಿಗೆ ಬರಲ್ಲ." ಇನ್ನೊಂದು ನೋಡಿದಳು. "ಇದೂ ನಂದು." ಇನ್ನೊಂದು. ಹೀಗೆ ಒಂಬತ್ತು. ಕೊನೆಯದನ್ನು ಕೆಳಗಿಟ್ಟು ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಅಯ್ಯೋ, ನಾನೇ ಬಿಗಿಬಿಗಿಯಾಗಿ ಕಟ್ಟಿ ಕೊಟ್ನಲ್ಲೇ. ಬಿಚ್ಕೊಳ್ದೇ ಇರಲಿ ಅಂತ."

"ನಂದೂ ಅದೆ ಅವ್ವ," ಎಂದಳು ಗಂಗುಲಮ್ಮ. ಮಸಿ ಹಿಡಿದ ಒಂದು ಅಂಚು ಎತ್ತಿ ತೋರಿಸಿದಳು. "ನಮ್ಮ ಸೂರಿನ ಹೊಗೆ. ಸಂಕ್ರಾಂತಿದು."

ಮತ್ತೆ ಕೈ ಹಾಕಿದಳು. ಈ ಸಲ ಬಂದದ್ದು ಹಾಳೆಯಲ್ಲ. ಬೆಳ್ಳಗೆ, ಉದ್ದಕ್ಕೆ, ಪಾರಿವಾಳದ ಮೊಟ್ಟೆಗಿಂತ ಕೊಂಚ ದೊಡ್ಡದು. ಹಾಳೆಗಳು ಒತ್ತರಿಸಿ ಮೂಲೆಗೆ ತಳ್ಳಿದ್ದ ಜಾಗದಲ್ಲಿ ಐದು ಇದ್ದವು. ಅಂಗೈಯಲ್ಲಿಟ್ಟುಕೊಂಡು ಒಂದೊಂದನ್ನೂ ಸೆರಗಿನಿಂದ ಒರೆಸಿದಳು.

"ತಾತ ತಾತ ಅಂತಿದ್ರಲ್ಲ," ಎಂದಳು. "ಬಸುರಿ ಕಣ್ರೋ."

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಂಟಪದ ಮಾತು ಅಲ್ಲಿಗೇ ನಿಂತಿತು. ಅವತ್ತೇ ಆಮೆಯನ್ನು, ಮೊಟ್ಟೆಯನ್ನು ಕೆರೆಯ ಅಂಚಿನ ತುಮ್ಮೆಮರದ, ಎಂದರೆ ಜಾಲಿಮರದ, ಕೆಳಗೆ ಹೂತರು. ಹಾಳೆಗಳನ್ನು ಹೂಳಲು ಗಂಗುಲಮ್ಮ ಬಿಡಲಿಲ್ಲ.

ಮೂರನೆಯ ದಿನ ಚೇರ್ಮನ್ನನ ಸರದಿ. ತೈಚುಂಗ್ ತೆನೆ ಹೊರಡಲು ಹೊಡೆ ತುಂಬಿ ನಿಂತಿತ್ತು. ಇನ್ನೆರಡು ದಿನ ನೀರು ತಪ್ಪಿದರೆ ಕಾಳೆಲ್ಲ ಜೊಳ್ಳು. ಅವನು ಏರಿಗೆ ಬಂದಾಗ ಗಂಗುಲಮ್ಮ ತೂಬಿನ ಕಂಬಗಳ ಅಡ್ಡಗಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಊರೂ ಬಂದಿತ್ತು. ಅವರ ಗದ್ದೆಗಳೂ ಅದೇ ಕಾಲುವೆಯ ಕೆಳಗಿದ್ದವು.

"ಎತ್ತಮ್ಮ ಗೂಟ," ಎಂದ ಚೇರ್ಮನ್. ಈ ಸಲ 'ಅಮ್ಮೇ' ಅಲ್ಲ, 'ಅಮ್ಮ'. "ಇನ್ನೇನು, ಕಾಯೋಕೆ ಆಮೆನೂ ಇಲ್ವಲ್ಲ."

ಆ ಮಾತಿಗೆ ಅವಳ ಮುಖ ಹೇಗಾಯಿತೆಂದರೆ, ಕೆರೆಯ ನೀರು ಒಂದು ಗಳಿಗೆ ಕುದಿಯಿತು. ಮೀನು ಬೆಂದ ವಾಸನೆ ಗೌರಿಬಿದನೂರಿಗೆ ಹೊಡೆಯಿತು.

"ಇಲ್ಲ ಅಲ್ವಾ? ನೀವೇ ಮಾಡಿದ್ದು, ನಾವೇ ಮಾಡಿದ್ದು. ಸರಿ." ಅವಳು ಗುಂಪಿನ ಕಡೆ ತಿರುಗಿದಳು. "ವೆಂಕಟೇಶ್ ಮೇಷ್ಟ್ರೇ, ಎಲ್ಲಿದೀರಾ? ಒಂಚೂರು ಮುಂದಕ್ಕೆ ಬನ್ನಿ."

ಶಾಲೆಯ ಮೇಷ್ಟ್ರು ವೆಂಕಟೇಶ್ ಚಿಂತಾಮಣಿಯ ಕಡೆಯವನು. ಊರಿನಲ್ಲಿ ದಿನಪತ್ರಿಕೆಯನ್ನು ಬಜ್ಜಿ ಕಟ್ಟುವ ಮುಂಚೆ ಓದುತ್ತಿದ್ದವನು ಅವನೊಬ್ಬನೇ. ಅವನು ಛತ್ರಿ ಮಡಿಸಿ ಮುಂದೆ ಬಂದ.

"ಮೇಷ್ಟ್ರೇ, ಈ ಹಾಳೆ ಕೊಳೀತದಾ?"

"ಇಲ್ಲಮ್ಮ. ಮಣ್ಣಲ್ಲಿ ಹೂತ್ರೂ ಇರ್ತದೆ, ನೀರಲ್ಲಿ ಬಿಟ್ರೂ ಇರ್ತದೆ. ನಿಮ್ಮ ಮೊಮ್ಮಗನ ಮೊಮ್ಮಗ ಬಂದು ನೋಡ್ಬೋದು."

"ನಾನೀಗ ಗೂಟ ಎತ್ತಿದ್ರೆ ಈ ನೀರು ಎಲ್ಲಿಗೆ ಹೋಗ್ತದೆ?"

"ಗದ್ದೆಗೆ."

"ಗದ್ದೇಲಿ ಉಳಿದದ್ದು?"

"ಹಳ್ಳಕ್ಕೆ. ಹಳ್ಳ ಪಿನಾಕಿನಿಗೆ. ಪಿನಾಕಿನಿ ಆಂಧ್ರದೊಳಗೆ ಸುತ್ತಿ ಸುತ್ತಿ ನೆಲ್ಲೂರಿನ ಆಚೆ ಕಡಲಿಗೆ ಬೀಳ್ತದೆ."

"ಕಡಲಲ್ಲಿ ಆಮೆ ಇದಾವಾ?"

"ಇಲ್ದೇ? ಗಾಡಿ ಚಕ್ರದಷ್ಟು. ದಡದ ಮರಳಲ್ಲೇ ಮೊಟ್ಟೆ ಇಡ್ತಾವೆ. ನೀರಲ್ಲಿ ಬೆಳ್ಳಗೆ ತೇಲೋ ಲೋಳೆ ಪ್ರಾಣಿ ಒಂದಿದೆ, ಅದೇ ಅವುಗಳ ತಿಂಡಿ ಅಂತ ಓದಿದೀನಿ."

"ಬೆಳ್ಳಗೆ, ತೇಲೋದು," ಎಂದಳು ಗಂಗುಲಮ್ಮ. ಅಡ್ಡಗಲ್ಲಿನ ಕೆಳಗೆ, ನೀರಿನಲ್ಲಿ, ಶಿಡ್ಲಘಟ್ಟ ಚಿಂತಾಮಣಿಗಳ ಭಕ್ತಿಯೆಲ್ಲ ಬೆಳ್ಳಗೆ ತೇಲುತ್ತಿತ್ತು. "ಕೇಳಿಸ್ಕೊಂಡ್ರಾ ಎಲ್ರೂ? ಕಡಲು ಕಾಣದ ಊರಿನೋರು ನಾವು. ಕಡಲಿನ ಆಮೆಗೂ ಬಾಯಿಗೆ ಹಾಕಿ ಸಾಯಿಸಣಾ? ಈ ಕೆರೆಯೊಳಗೆ ಒಂದು ಹಾಳೆ ಇರೋ ಗಂಟ ನಾನು ಗೂಟ ಎತ್ತಲ್ಲ."

"ನಿನ್ನ ಬಿಟ್ರೆ ಎತ್ತೋರಿಲ್ಲ ಅಂತಾನಾ?" ಚೇರ್ಮನ್ ಗರ್ಜಿಸಿದ. "ಲೇ ಚೆನ್ನರಾಯಪ್ಪ, ಇಳಿಯೋ! ಇವತ್ತಿಂದ ನೀನೇ ನೀರುಗಂಟಿ."

ಚೆನ್ನರಾಯಪ್ಪ ಚಲಪತಿಯ ತಮ್ಮ, ಗಂಗುಲಮ್ಮನ ಮೈದುನ. ಈ ಮಾತಿಗಾಗಿ ಅವನು ಆರು ವರ್ಷದಿಂದ ಕಾದಿದ್ದ. ಅತ್ತಿಗೆಯ ಮುಖ ನೋಡದೆ ಅಂಗಿ ಬಿಚ್ಚಿ ಹಾರಿದ. ಹಾರಿದ ಸದ್ದು ದೊಡ್ಡದಾಗಿತ್ತು. ಮೊದಲನೆಯ ಸಲ ಮೇಲೆ ಬಂದು ಕೆಮ್ಮಿದ. ಎರಡನೆಯ ಸಲ ಮೂಗಿನಲ್ಲಿ ನೀರು ಹೋಗಿ ಅತ್ತ. ಮೂರನೆಯ ಸಲ ಮೇಲೆ ಬಂದಾಗ ಕೈಯಲ್ಲಿ ಗೂಟವಿರಲಿಲ್ಲ, ತಲೆಗೆ ಒಂದು ಪ್ಲಾಸ್ಟಿಕ್ ಹಾಳೆ ಮುಸುಕಿನಂತೆ ಅಂಟಿಕೊಂಡಿತ್ತು. ಅದನ್ನು ಕಿತ್ತುಕೊಳ್ಳಲಾಗದೆ, ಉಸಿರಿಗೆ ಬಾಯಿ ತೆರೆದರೆ ಹಾಳೆಯೇ ಒಳಗೆ ಹೋಗಿ, ಅವನು ಕೈಕಾಲು ಬಡಿಯತೊಡಗಿದ. ಏರಿಯ ಮೇಲೆ ಮೊದಲು ನಗು ಎದ್ದಿತು, ಆಮೇಲೆ ತಟ್ಟನೆ ನಿಂತಿತು. ಗಂಗುಲಮ್ಮ ಕಲ್ಲಿನಿಂದ ಧುಮುಕಿ, ಜುಟ್ಟು ಹಿಡಿದು ಎಳೆದು, ಮುಖದ ಮೇಲಿನ ಹಾಳೆ ಕಿತ್ತಳು. ಅವನು ದಡದಲ್ಲಿ ಬಿದ್ದು ಏದುಸಿರು ಬಿಟ್ಟ.

"ನೋಡಿದ್ರಲ್ಲ," ಎಂದಳು, ನೀರು ಸುರಿಯುತ್ತಿದ್ದ ಕೂದಲನ್ನು ಹಿಂದಕ್ಕೆ ತಳ್ಳಿ. "ಇವನಿಗೆ ಕೈ ಅದೆ, ಅತ್ತಿಗೆ ಅದಾಳೆ. ತಾತನಿಗೆ ಯಾರಿದ್ರು?"

ಚೆನ್ನರಾಯಪ್ಪ ಎದ್ದು ಕೂತ. ಚೇರ್ಮನ್ನನ ಕಡೆ ನೋಡಲಿಲ್ಲ. ಮತ್ತೆ ನೀರಿಗೆ ಇಳಿದು, ಸೊಂಟದ ಮಟ್ಟದಲ್ಲಿ ನಿಂತು, ತೇಲುತ್ತಿದ್ದ ಹಾಳೆಗಳನ್ನು ಒಂದೊಂದಾಗಿ ಹಿಡಿದು ದಡಕ್ಕೆ ಎಸೆಯತೊಡಗಿದ. ಅವನ ಹಿಂದೆ ಇನ್ನಿಬ್ಬರು ಪಂಚೆ ಎತ್ತಿ ಕಟ್ಟಿದರು. ಆಮೇಲೆ ಹೆಂಗಸರು ಇಳಿದರು. ಮೊನ್ನೆ ಅವಳನ್ನು ತಳ್ಳಿದ್ದವರು ಸ್ವಲ್ಪ ದೂರದಲ್ಲಿ, ಅವಳ ಕಣ್ಣಿಗೆ ಬೀಳದ ಕಡೆ ಇಳಿದರು. ಸಂಜೆಯ ಹೊತ್ತಿಗೆ ದಡದ ರಾಶಿ ನಂದಿಬೆಟ್ಟದಷ್ಟಾಗಿ, ಅದರ ನೆರಳು ಚಿಕ್ಕಬಳ್ಳಾಪುರದ ಮೇಲೆ ಬಿದ್ದು ಅಲ್ಲಿ ಬೇಗ ದೀಪ ಹಚ್ಚಿದರು.

ಚೇರ್ಮನ್ ಒಬ್ಬನೇ ಏರಿಯ ಮೇಲೆ ಉಳಿದಿದ್ದ. ದುಡ್ಡು ಸುರಿದು ತಂದ ಗೊಬ್ಬರದ ರಸೀತಿ ಜೇಬಿನಲ್ಲೇ ಇತ್ತು, ಗದ್ದೆ ಬೆನ್ನ ಹಿಂದೆಯೇ ಇತ್ತು.

"ಆಯ್ತಲ್ಲ, ಎಲ್ಲ ಬಂತಲ್ಲ," ಎಂದ. "ಇನ್ನಾದ್ರೂ ಎತ್ತಮ್ಮ."

"ಮೇಲಿಂದು ಬಂತು. ಗುಂಡೀಲಿ ಮುಳುಗಿರೋದು ಹಾಗೇ ಅದೆ. ಮುದ್ದೆ ಭಾರಕ್ಕೆ ತಳ ಹಿಡಿದಿರೋವು. ಎಲ್ಲ ಕೆಂಪು ದಾರದ್ದು." ಅವಳು ಅಡ್ಡಗಲ್ಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಅವನ್ನ ನಾನು ತೆಗೆಯಲ್ಲ ಸಾಮಿ. ನನ್ನ ಕೈ ಸೋಕಿದ್ರೆ ಮೈಲಿಗೆ."

ಜನ ನೀರಿನಲ್ಲಿ ನಿಂತಲ್ಲೇ ನಿಂತು ನೋಡಿದರು. ಅಮ್ಮಾಜಮ್ಮ ಏರಿಯ ಕಲ್ಲಿನ ಮೇಲೆ ಕೋಲು ಹಿಡಿದು ಕೂತಿದ್ದಳು. ಮಗ ತಾಯಿಯ ಮುಖ ನೋಡಿದ. ತಾಯಿ ಗದ್ದೆಯ ಕಡೆ ಮುಖ ತಿರುಗಿಸಿದಳು.

ನರಸಿಂಹಪ್ಪ ಮೊದಲು ವಾಚು ಬಿಚ್ಚಿದ. ಆಮೇಲೆ ಜರಿ ಅಂಚಿನ ಪಂಚೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದ, ಮೂಗು ಹಿಡಿದ, ಮುಳುಗಿದ. ಎರಡು ಗುಳ್ಳೆ ಬಂದವು. ಮೇಲೆ ಬಂದಾಗ ಕೈಯಲ್ಲಿ ಕೆಸರು ಮೆತ್ತಿದ ಒಂದೇ ಒಂದು ಪೊಟ್ಟಣವಿತ್ತು. ಅದನ್ನು ಅಡ್ಡಗಲ್ಲಿನ ಮೇಲೆ, ಅವಳ ಕಾಲಿನ ಹತ್ತಿರ ಇಟ್ಟು, ಕಂಬ ತಬ್ಬಿಕೊಂಡು ಉಸಿರೆಳೆದ.

ಗಂಗುಲಮ್ಮ ಪೊಟ್ಟಣ ತಿರುಗಿಸಿ ಗಂಟು ನೋಡಿದಳು. ಕೈ ಚಾಚಿ ತೂಬಿನ ಬಲಗಡೆ ತೋರಿಸಿದಳು.

"ಆ ಮೂಲೇಲಿ ಇನ್ನೂ ಅದೆ. ಕಣ್ಣು ಬಿಟ್ಕೊಂಡು ಮುಳುಗಿ, ಚೇರ್ಮನ್ರೇ."